ಉದ್ದದ ಪದವನ್ನು ಬಾಲದಿಂದ ಹಿಡಿಯಿರಿ

ವಿದ್ಯಾರ್ಥಿಗಳು, ಮೇಷ್ಟ್ರುಗಳು, ಒಂದಿಷ್ಟು ಪದಬಂಧಪ್ರಿಯರು ಸೇರಿದ್ದ ಒಂದು ಸಂಜೆಯ ಮಾತಿನ ಬರಹ ರೂಪ ಇದು. ಸಭೆಯಲ್ಲಿ ಇಂಗ್ಲಿಷ್ ಪದಗಳನ್ನು ಬೋರ್ಡಿನ ಮೇಲೆ ಬರೆದು ತೋರಿಸಿದ್ದೆ. ಇಲ್ಲಿ ಅವೆಲ್ಲ ಕನ್ನಡ ಲಿಪಿಯಲ್ಲಿವೆ. ಓದುವವರು ಪಕ್ಕದಲ್ಲಿ ಕಾಗದ, ಪೆನ್ಸಿಲ್ ಇಟ್ಟುಕೊಂಡು ಸ್ಪೆಲಿಂಗ್ ಬರೆದುಕೊಂಡರೆ ಲೆಕ್ಕ ತಾಳೆಯಾಗುತ್ತದೆ.

ಎಲ್ಲರಿಗೂ ನಮಸ್ಕಾರ.

ಇಂಗ್ಲಿಷಿನ ಐದೂ ಸ್ವರಾಕ್ಷರಗಳಿರುವ ಪದ ಯಾವುದು ಎಂದು ಕೇಳಿದರೆ ಇಲ್ಲಿರುವ ಅರ್ಧ ಜನ ಒಟ್ಟಿಗೇ ‘ಎಜುಕೇಷನ್’ ಎನ್ನುತ್ತೀರಿ. ಜಿ.ಕೆ. ಪುಸ್ತಕಗಳ ಪುಣ್ಯ. ಇದಕ್ಕಿಂತ ಚಿಕ್ಕದು ಬೇಕೆಂದರೆ ಸೆಕ್ವೋಯ ಇದೆ. ಅಮೆರಿಕದ ಆ ದೈತ್ಯ ಮರದ ಹೆಸರಿನಲ್ಲಿ ಏಳೇ ಅಕ್ಷರ, ಐದೂ ಸ್ವರ. ಎ, ಇ, ಐ, ಓ, ಯು ಅದೇ ಕ್ರಮದಲ್ಲೇ ಬರಬೇಕೆಂದರೆ ಫೆಸೀಷಸ್. ತಲೆಕೆಳಗಾಗಿ ಯು, ಓ, ಐ, ಇ, ಎ ಎಂದು ಬರಬೇಕೆಂದರೆ ಸಬ್‌ಕಾಂಟಿನೆಂಟಲ್. ನಮ್ಮ ಉಪಖಂಡಕ್ಕೇ ಹಚ್ಚುವ ವಿಶೇಷಣ ಅದು!

ಇದೆಲ್ಲ ಬಾಯಿಪಾಠದ ಸಾಮಗ್ರಿ. ಇವತ್ತು ನಾನು ಮಾತಾಡಬೇಕೆಂದಿರುವುದು ಬಾಯಿಪಾಠ ಇಲ್ಲದೆ ಹುಡುಕುವ ಬಗೆ. ಯಾರೋ ಕೆಲವು ಅಕ್ಷರ ಕೊಡುತ್ತಾರೆ, ಅವು ಅಡಗಿರುವ ಉದ್ದದ ಪದ ಬೇಕು. ಎಲ್ಲಿಂದ ಶುರು ಮಾಡುವುದು?

ಮೊದಲು ಪ್ರಶ್ನೆಯನ್ನೇ ಸರಿಯಾಗಿ ಕೇಳಿಕೊಳ್ಳಬೇಕು. ಎಜುಕೇಷನ್‌ನ ಒಂಬತ್ತು ಅಕ್ಷರಗಳನ್ನೇ ತೆಗೆದುಕೊಳ್ಳಿ: ಇ, ಡಿ, ಯು, ಸಿ, ಎ, ಟಿ, ಐ, ಓ, ಎನ್. ಇವುಗಳಿಂದ ಪದ ಮಾಡಿ ಎಂದರೆ ಮೂರು ಅರ್ಥ ಹೊರಡುತ್ತದೆ. ಒಂದೊಂದನ್ನೂ ಒಮ್ಮೆ ಮಾತ್ರ ಬಳಸಿ ಎನ್ನುವುದು ಒಂದು. ಆಗ ಆಕ್ಷನ್ಡ್, ಕಾಷನ್ಡ್ ಎಂಬ ಎರಡು ಪದ ಸಿಗುತ್ತವೆ, ಹರಾಜಾದದ್ದು ಮತ್ತು ಎಚ್ಚರಿಕೆ ಕೊಟ್ಟದ್ದು. ಇವೇ ಅಕ್ಷರ, ಆದರೆ ಎಷ್ಟು ಸಲವಾದರೂ ಬಳಸಿ ಎನ್ನುವುದು ಇನ್ನೊಂದು. ಆಗ ಹತ್ತು ಅಕ್ಷರದ ಅನ್‌ಎಜುಕೇಟೆಡ್ ಬರುತ್ತದೆ, ಹನ್ನೆರಡರ ಡಿನನ್ಸಿಯೇಷನ್ ಬರುತ್ತದೆ, ಸಾಫ್ಟ್‌ವೇರ್‌ನವರಿಗೆ ಚೆನ್ನಾಗಿ ಗೊತ್ತಿರುವ ಹದಿಮೂರು ಅಕ್ಷರದ ಕನ್‌ಕ್ಯಾಟಿನೇಷನ್ ಬರುತ್ತದೆ. ಮೂರನೆಯದು, ಈ ಒಂಬತ್ತೂ ಇರಲೇಬೇಕು, ಜೊತೆಗೆ ಬೇರೆ ಏನಾದರೂ ಇರಲಿ ಎನ್ನುವುದು. ನಮ್ಮ ಇವತ್ತಿನ ವಿಷಯ ಮುಖ್ಯವಾಗಿ ಇದೇ. ಬೇಟೆಗೆ ಬಯಲು ವಿಶಾಲವಾಗಿರುವುದೂ ಇಲ್ಲೇ. ಒಂದೇ ಒಂದು ಎಲ್ ಸೇರಿಸಿದರೆ ಸಾಕು, ಇನಾಕ್ಯುಲೇಟೆಡ್ ಆಗುತ್ತದೆ. ಆರು ಅಕ್ಷರ ಸೇರಿಸಿದರೆ ಏನು ಬರುತ್ತದೆ ಗೊತ್ತೆ? ಅನ್‌ಸೊಫಿಸ್ಟಿಕೇಟೆಡ್. ಎಜುಕೇಷನ್ ಪೂರ್ತಿ ಒಳಗಿಟ್ಟುಕೊಂಡೂ ನಯನಾಜೂಕು ಕಲಿಯದ ಪದ.

ಇದನ್ನು ಹೇಗೆ ಕಂಡುಹಿಡಿಯುವುದು? ಹೊಸಬರು ಅಕ್ಷರಗಳನ್ನು ಕಲಸಿ ಕಲಸಿ ನೋಡುತ್ತಾರೆ. ಒಂಬತ್ತು ಬೇರೆ ಬೇರೆ ಅಕ್ಷರಗಳನ್ನು 3,62,880 ಬಗೆಯಲ್ಲಿ ಜೋಡಿಸಬಹುದು. ಹತ್ತಾದರೆ 36 ಲಕ್ಷ ದಾಟುತ್ತದೆ. ಹದಿನೈದಾದರೆ 1.3 ಲಕ್ಷ ಕೋಟಿ. ಬೇರೆ ಅಕ್ಷರ ಸೇರಿಸಲು ಅನುಮತಿ ಇದೆ ಎಂದಾಗ ಈ ಲೆಕ್ಕಕ್ಕೆ ಕೊನೆಯೇ ಇಲ್ಲ. ಕಲಸುವುದು ದಾರಿಯಲ್ಲ.

ದಾರಿ ಇಂಗ್ಲಿಷಿನ ಉದ್ದ ಪದಗಳ ಹುಟ್ಟಿನಲ್ಲೇ ಇದೆ. ಹನ್ನೆರಡು, ಹದಿಮೂರು ಅಕ್ಷರದ ಇಂಗ್ಲಿಷ್ ಪದ ಇಡಿಯಾಗಿ ಹುಟ್ಟಿದ್ದು ಅಪರೂಪ. ಹೆಚ್ಚಿನವು ಲ್ಯಾಟಿನ್, ಗ್ರೀಕ್, ಫ್ರೆಂಚ್ ಬೇರುಗಳಿಗೆ ಮುಂದೊಂದು ತಲೆ, ಹಿಂದೊಂದು ಬಾಲ ಹಚ್ಚಿ ಬೆಳೆದವು. ತಲೆಗಳು ಹೆಚ್ಚೆಂದರೆ ಕೆಲವು ಡಜನ್: ಅನ್, ಇನ್, ರೀ, ಡಿ, ಕಾನ್, ಇಂಟರ್, ಓವರ್, ಹೀಗೆ. ಬಾಲಗಳೂ ಅಷ್ಟೆ: ಇಂಗ್, ಇಡಿ, ಏಷನ್, ಏಬಲ್, ನೆಸ್, ಮೆಂಟ್, ಅಸ್, ಲಿ. ಆದ್ದರಿಂದ ಕೊಟ್ಟ ಅಕ್ಷರಗಳಿಂದ ಮೊದಲು ಒಂದು ಬಾಲವನ್ನು ಕಿತ್ತು ಪಕ್ಕಕ್ಕಿಡಿ. ಉಳಿದದ್ದು ಚಿಕ್ಕ ಸಮಸ್ಯೆ.

ಮಾಡಿಯೇ ನೋಡೋಣ. ನಮ್ಮ ಒಂಬತ್ತರಿಂದ ಏಷನ್ ಎಂಬ ಬಾಲ ತೆಗೆಯಿರಿ. ಎ, ಟಿ, ಐ, ಓ, ಎನ್ ಹೋದವು. ಉಳಿದದ್ದು ಇ, ಡಿ, ಯು, ಸಿ, ನಾಲ್ಕೇ ಅಕ್ಷರ. ಈಗ ನೀವು ಕೇಳಿಕೊಳ್ಳಬೇಕಾದ್ದು ಇಷ್ಟೆ: ಈ ನಾಲ್ಕೂ ಇದ್ದು, ಬೆನ್ನಿಗೆ ಏಷನ್ ಹಚ್ಚಿಸಿಕೊಳ್ಳುವ ಪದ ಯಾವುದು? ಡಾಕ್ಯುಮೆಂಟ್ ತಾನಾಗಿ ಬಂದು ನಿಲ್ಲುತ್ತದೆ, ಡಾಕ್ಯುಮೆಂಟೇಷನ್. ನ್ಯೂಕ್ಲಿಯರ್‌ಗೆ ಮುಂದೆ ಡಿ ಹಚ್ಚಿದರೆ ಹದಿನಾರು ಅಕ್ಷರದ ಡಿನ್ಯೂಕ್ಲಿಯರೈಸೇಷನ್, ಝಡ್ ಹಾಕಿ ಬರೆಯುವ ಸ್ಪೆಲಿಂಗ್. ಅದೇ ಒಂಬತ್ತನ್ನು ಇನ್ನೊಂದು ರೀತಿ ಸೀಳಿ. ಹಿಂದಿನಿಂದ ಏಟೆಡ್, ಮುಂದಿನಿಂದ ಅನ್ ತೆಗೆದರೆ ಕೈಯಲ್ಲಿ ಉಳಿಯುವುದು ಸಿ, ಐ, ಓ ಮೂರೇ. ಅನ್ ಮತ್ತು ಏಟೆಡ್ ನಡುವೆ ಈ ಮೂರನ್ನು ಹಿಡಿಸುವ ಪದಗಳು ಸಾಲುಗಟ್ಟಿ ಬರುತ್ತವೆ. ಅನ್‌ಕಾಂಪ್ಲಿಕೇಟೆಡ್, ಅನ್‌ಕೋಆರ್ಡಿನೇಟೆಡ್, ಅನ್‌ಡೊಮೆಸ್ಟಿಕೇಟೆಡ್, ಮತ್ತೆ ನಮ್ಮ ಅನ್‌ಸೊಫಿಸ್ಟಿಕೇಟೆಡ್. ಒಂದು ಸೀಳಿಗೆ ಒಂದು ಕುಟುಂಬ, ಇನ್ನೊಂದು ಸೀಳಿಗೆ ಇನ್ನೊಂದು ಕುಟುಂಬ. ಇವುಗಳಲ್ಲಿ ನಿಮಗೆ ಗೊತ್ತಿಲ್ಲದ ಪದ ಬಹುಶಃ ಒಂದೂ ಇಲ್ಲ. ಶಬ್ದಭಂಡಾರ ದೊಡ್ಡದಿದ್ದರೆ ಮಾತ್ರ ಈ ಆಟ ಬರುತ್ತದೆ ಎಂದು ಹೆದರಿಸುವವರ ಮಾತನ್ನು ನಾನು ಒಪ್ಪದಿರುವುದು ಇದಕ್ಕೇ.

ಬಾಲಕ್ಕೆ ಎಷ್ಟು ಬೆಲೆ ಎಂದು ತಿಳಿಯಬೇಕಾದರೆ ನಿಮ್ಮ ಕೀಬೋರ್ಡ್ ನೋಡಿ. ಟೈಪಿಂಗ್ ಕಲಿತವರು ಎಡಗೈಯಿಂದ ಹೊಡೆಯುವ ಹದಿನೈದು ಅಕ್ಷರಗಳಲ್ಲೇ ಮುಗಿಯುವ ಉದ್ದ ಪದ ಹನ್ನೆರಡು ಅಕ್ಷರದ ಸ್ಟೂವರ್ಡೆಸಸ್. ಬಲಗೈ ಪಾಲಿಗೆ ಪಾಲಿಫೊನಿ, ಒಂಬತ್ತು. ಆಳ ಸರೋವರದ ತಳದ ತಣ್ಣನೆಯ ನೀರಿನ ಪದರಕ್ಕೆ ವಿಜ್ಞಾನಿಗಳು ಹೇಳುವ ಹೈಪೊಲಿಮ್ನಿಯನ್ ಸೇರಿಸಿದರೆ ಹನ್ನೊಂದು. ಎಡಗೈ ಪದಗಳು ರಾಶಿ ರಾಶಿ, ಬಲಗೈ ಪದಗಳು ಹಿಡಿಯಷ್ಟು. ಕಾರಣ ಸರಳ. ಬಹುವಚನದ ಎಸ್, ಭೂತಕಾಲದ ಇಡಿ, ಮಾಡುವವನನ್ನು ಹೇಳುವ ಇಆರ್, ಅತಿಶಯದ ಇಎಸ್‌ಟಿ, ಎಲ್ಲ ಎಡಗೈಯಲ್ಲೇ ಇವೆ. ಬಲಗೈಗೆ ಸಿಕ್ಕಿರುವುದು ಅಯನ್, ಲಿ ಮುಂತಾದ ಕೆಲವೇ. ಮೇಲಿನ ಸಾಲು ಒಂದರಲ್ಲೇ ಟೈಪ್‌ರೈಟರ್ ಎಂಬ ಪದ ಬರೆಯಬಹುದು ಎಂಬುದನ್ನು ನೀವು ಕೇಳಿರುತ್ತೀರಿ. ಪ್ರೊಪ್ರೈಟರ್, ಪರ್ಪೆಚುಯಿಟಿ, ರೆಪರ್ಟ್ವಾರ್ ಕೂಡ ಅದೇ ಸಾಲಿನವು, ಅವಕ್ಕೂ ಹತ್ತತ್ತು ಅಕ್ಷರ. ಕೆಳಗಿನ ಸಾಲಿನಲ್ಲಿ ಸ್ವರವೇ ಇಲ್ಲ, ಅಲ್ಲಿ ಹುಡುಕಬೇಡಿ.

ಅಕ್ಷರದ ಬಿಲ್ಲೆಗಳನ್ನು ಮಣೆಯ ಮೇಲೆ ಜೋಡಿಸಿ ಪದ ಮಾಡುವ ಸ್ಕ್ರಾಬಲ್ ಆಟವನ್ನು ಕಟ್ಟಿದ ಆಲ್ಫ್ರೆಡ್ ಬಟ್ಸ್ ಎಂಬ ಅಮೆರಿಕನ್ ವಾಸ್ತುಶಿಲ್ಪಿಗೆ ಈ ಬಾಲದ ಮಹಿಮೆ ಚೆನ್ನಾಗಿ ಗೊತ್ತಿತ್ತು. 1930ರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ ಕೆಲಸ ಕಳೆದುಕೊಂಡಿದ್ದ ಆತ ಪತ್ರಿಕೆಯ ಪುಟಗಳಲ್ಲಿ ಯಾವ ಅಕ್ಷರ ಎಷ್ಟು ಸಲ ಬರುತ್ತದೆಂದು ಎಣಿಸಿ ಬಿಲ್ಲೆಗಳ ಸಂಖ್ಯೆ ಗೊತ್ತು ಮಾಡಿದ. ನೂರು ಬಿಲ್ಲೆಗಳಲ್ಲಿ ಇ ಹನ್ನೆರಡು. ಎಸ್ ಮಾತ್ರ ಬೇಕೆಂದೇ ನಾಲ್ಕು. ಎಣಿಕೆಯ ಪ್ರಕಾರ ಇನ್ನೂ ಹೆಚ್ಚು ಇರಬೇಕಿತ್ತು, ಆದರೆ ಎಸ್ ಸಿಕ್ಕವರೆಲ್ಲ ಬೇರೆಯವರ ಪದದ ಹಿಂದೆ ಅದನ್ನು ಅಂಟಿಸಿ ಅಂಕ ಬಾಚುತ್ತಾರೆಂದು ಕಡಿಮೆ ಮಾಡಿದ.

ಬ್ರಿಟನ್ನಿನಲ್ಲಿ ಇದೇ ಬೇಟೆಯನ್ನು ಟಿ.ವಿ.ಯಲ್ಲಿ ಆಡುತ್ತಾರೆ. ಕೌಂಟ್‌ಡೌನ್ ಎಂದು ಕಾರ್ಯಕ್ರಮ. 1982ರ ನವೆಂಬರ್ 2ರಂದು ಚಾನೆಲ್ 4 ಶುರುವಾದಾಗ ಮೊದಲು ಪ್ರಸಾರವಾದದ್ದೇ ಅದು, ಇನ್ನೂ ನಡೆಯುತ್ತಿದೆ. ಮೂಲ ಫ್ರಾನ್ಸಿನದು. ಸ್ವರವೋ ವ್ಯಂಜನವೋ ಎಂದು ಸ್ಪರ್ಧಿಯೇ ಕೇಳಿ ಕೇಳಿ ಒಂಬತ್ತು ಅಕ್ಷರ ತೆಗೆಸುತ್ತಾರೆ, ಮೂವತ್ತು ಸೆಕೆಂಡಿನ ಗಡಿಯಾರ ಓಡುತ್ತದೆ, ಅಕ್ಷರಕ್ಕೆ ಒಂದು ಅಂಕ. ಒಂಬತ್ತೂ ಬಳಸಿದರೆ ಒಂಬತ್ತಲ್ಲ, ಹದಿನೆಂಟು. ನಮ್ಮ ಮೂರು ಪ್ರಶ್ನೆಗಳಲ್ಲಿ ಇದು ಮೊದಲನೆಯ ಜಾತಿಯದು, ಇದ್ದ ಅಕ್ಷರಗಳಲ್ಲೇ ಆಗಬೇಕು. ಪಳಗಿದವರು ಒಂದು ಇ, ಒಂದು ಡಿ ಬಿದ್ದ ಕೂಡಲೇ ಅವೆರಡನ್ನೂ ಕಾಗದದ ಬಲ ತುದಿಗೆ ಬರೆದುಬಿಡುತ್ತಾರೆ. ಮನೆಯಲ್ಲಿ ಆಡುವವರಿಗೆ ನನ್ನ ಸಲಹೆ ಏನೆಂದರೆ ಅಕ್ಷರಗಳನ್ನು ಸಾಲಾಗಿ ಬರೆಯಬೇಡಿ, ಸುತ್ತಲೂ ವೃತ್ತದಲ್ಲಿ ಬರೆಯಿರಿ. ಸಾಲಾಗಿ ಬರೆದರೆ ಕಣ್ಣು ಅದನ್ನೇ ಪದವೆಂದು ಓದಲು ಹೊರಡುತ್ತದೆ.

ನೈಜೆಲ್ ರಿಚರ್ಡ್ಸ್ ಎಂಬ ನ್ಯೂಜಿಲೆಂಡಿನವರ ಕಥೆ ಇಲ್ಲಿ ಹೇಳಲೇಬೇಕು. ಇಂಗ್ಲಿಷ್ ಸ್ಕ್ರಾಬಲ್‌ನಲ್ಲಿ ಐದು ಸಲ ವಿಶ್ವ ಚಾಂಪಿಯನ್. 2015ರಲ್ಲಿ ಫ್ರೆಂಚ್ ಭಾಷೆಯ ವಿಶ್ವ ಚಾಂಪಿಯನ್‌ಷಿಪ್ ಗೆದ್ದರು. ಅವರಿಗೆ ಫ್ರೆಂಚ್ ಮಾತಾಡಲು ಬರುವುದಿಲ್ಲ. ಪದಪಟ್ಟಿ ಮನಸ್ಸಿನಲ್ಲಿ ಇಳಿಸಿಕೊಂಡು ಹೋಗಿ ಗೆದ್ದರು. 2024ರಲ್ಲಿ ಸ್ಪ್ಯಾನಿಷ್‌ನಲ್ಲೂ ಹಾಗೇ. ಪದದ ಅರ್ಥ ಹುಡುಕಾಟಕ್ಕೆ ಬೇಕಿಲ್ಲ ಎನ್ನುವುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಇಲ್ಲ. ನಿಜ ಹೇಳಬೇಕೆಂದರೆ ನನಗೆ ಅಷ್ಟು ವೈರಾಗ್ಯ ಇಲ್ಲ. ಪಾಶ್ಚಾತ್ಯ ಸಂಗೀತದ ಸ್ವರಗಳಿಗೆ ಇಟ್ಟಿರುವ ಎ ಇಂದ ಜಿ ವರೆಗಿನ ಏಳು ಅಕ್ಷರಗಳಲ್ಲೇ ಬರೆಯಬಲ್ಲ ಪದ ಹುಡುಕಿದಾಗ ಬ್ಯಾಗೇಜ್, ಕ್ಯಾಬೇಜ್ ಸಿಗುತ್ತವೆ, ಏಳೇಳು ಅಕ್ಷರ. ಬಾಲ ಹಚ್ಚಿ ಕ್ಯಾಬೇಜ್ಡ್ ಮಾಡಿದರೆ ಎಂಟು. ಎಲೆಕೋಸಿಗೆ ಭೂತಕಾಲ ಎಲ್ಲಿಂದ ಬಂತು ಎಂದು ನಿಘಂಟು ತೆರೆದರೆ, ಹೊಲಿಯಲು ಕೊಟ್ಟ ಬಟ್ಟೆಯಲ್ಲಿ ಉಳಿದ ತುಂಡನ್ನು ದರ್ಜಿ ಸದ್ದಿಲ್ಲದೆ ತನ್ನಲ್ಲೇ ಇಟ್ಟುಕೊಳ್ಳುವುದಕ್ಕೂ ಇಂಗ್ಲಿಷಿನಲ್ಲಿ ಕ್ಯಾಬೇಜ್ ಎನ್ನುತ್ತಿದ್ದರು. ರಿಚರ್ಡ್ಸ್‌ಗೆ ಇದು ಬೇಡ. ನನಗೆ ಬೇಕು.

ಇನ್ನು ಕಂಪ್ಯೂಟರ್. ಅದಕ್ಕೆ ತಲೆ ಬಾಲ ಯಾವುದೂ ಬೇಡ. ಅಕ್ಷರಗಳಿಂದ ಪದಕ್ಕೆ ಹೋಗುವ ಬದಲು ಅದು ಪಟ್ಟಿಯಲ್ಲಿರುವ ಪ್ರತಿ ಪದವನ್ನೂ ಎತ್ತಿ ಈ ಅಕ್ಷರಗಳು ನಿನ್ನಲ್ಲಿವೆಯೇ ಎಂದು ಕೇಳುತ್ತದೆ. 1970ರ ದಶಕದಲ್ಲಿ ಬೆಲ್ ಲ್ಯಾಬ್ಸ್‌ನ ಕೆನ್ ಥಾಂಪ್ಸನ್ ಬರೆದ, ಕೇಳಿದ ಅಕ್ಷರ ಇರುವ ಸಾಲುಗಳನ್ನಷ್ಟೇ ಹೆಕ್ಕಿಕೊಡುವ ಗ್ರೆಪ್ ಎಂಬ ಪುಟ್ಟ ಸಾಧನ ಇವತ್ತಿಗೂ ಲಿನಕ್ಸ್ ಇರುವ ಎಲ್ಲ ಕಡೆ ಇದೆ. ಒಂದರ ಕೆಳಗೊಂದು ಒಂಬತ್ತು ಜರಡಿ ಹಿಡಿದಂತೆ ಒಂಬತ್ತು ಗ್ರೆಪ್ ಜೋಡಿಸಿ ಮೇಲಿನಿಂದ ಪದಪಟ್ಟಿ ಸುರಿದರೆ ಕೆಳಗೆ ಬೀಳುವುದೇ ಉತ್ತರ. ಯಾವ ಜರಡಿ ಮೊದಲು ಹಿಡಿದರೂ ಉತ್ತರ ಅದೇ, ಆದರೆ ಇ ಜರಡಿಯನ್ನು ಮೊದಲು ಹಿಡಿದರೆ ಕೆಲಸ ಹೆಚ್ಚು, ಏಕೆಂದರೆ ಅರ್ಧಕ್ಕಿಂತ ಹೆಚ್ಚು ಪದ ಅದರಲ್ಲಿ ಇಳಿದುಬಿಡುತ್ತವೆ. ಯು ಅಥವಾ ಡಿ ಮೊದಲು ಬರಲಿ. ಇದೆಲ್ಲ ಹಳೆಯ ಕಾಲದ ಜಿಪುಣತನ, ಈಗಿನ ಲ್ಯಾಪ್‌ಟಾಪಿಗೆ ಎರಡು ಮೂರು ಲಕ್ಷ ಪದ ಒಂದು ಲೆಕ್ಕವೇ ಅಲ್ಲ.

ಅದೇ ಅಕ್ಷರಗಳ ಅದಲುಬದಲು ಬೇಕಾದಾಗ ಒಂದು ಸೊಗಸಾದ ಉಪಾಯ ಇದೆ. ಪ್ರತಿ ಪದದ ಅಕ್ಷರಗಳನ್ನೂ ವರ್ಣಮಾಲೆಯ ಕ್ರಮದಲ್ಲಿ ಜೋಡಿಸಿ ಅದರ ಹಣೆಗೆ ಬರೆದಿಡುವುದು. ಎಜುಕೇಷನ್ ಆಗಲಿ ಆಕ್ಷನ್ಡ್ ಆಗಲಿ ಕಾಷನ್ಡ್ ಆಗಲಿ, ಹಣೆಬರಹ ಒಂದೇ: ಎ, ಸಿ, ಡಿ, ಇ, ಐ, ಎನ್, ಓ, ಟಿ, ಯು. ಒಂದೇ ಹಣೆಬರಹದವು ಒಂದು ಗುಂಪು. ಒಂದು ಪದ ಇನ್ನೊಂದರ ಅಕ್ಷರಗಳನ್ನು ಒಳಗೊಂಡಿದೆಯೇ ಎಂದು ನೋಡಲು ಇನ್ನೊಂದು ಉಪಾಯ. ಇಂಗ್ಲಿಷಿನಲ್ಲಿ 26 ಅಕ್ಷರ, ಯಂತ್ರದ ಒಂದು ಸಂಖ್ಯೆಯಲ್ಲಿ 32 ಬಿಟ್, ಅಂದರೆ ಸೊನ್ನೆ ಅಥವಾ ಒಂದು ಇಡುವ 32 ಮನೆ. ಅಕ್ಷರಕ್ಕೊಂದು ಬಿಟ್ ಕೊಟ್ಟರೆ ಒಂದೊಂದು ಪದವೂ ಒಂದೊಂದು ಸಂಖ್ಯೆ, ಹೋಲಿಕೆ ಒಂದೇ ಏಟಿಗೆ. ಇದರ ದೋಷ ಏನೆಂದರೆ ಬಿಟ್‌ಗೆ ಇದೆ, ಇಲ್ಲ ಎರಡೇ ಗೊತ್ತು. ಒಂದು ಅಕ್ಷರ ಎರಡು ಸಲ ಬೇಕೆಂದರೆ ಅದಕ್ಕೆ ತಿಳಿಯುವುದಿಲ್ಲ. ಅನ್‌ಕಾಪಿರೈಟಬಲ್‌ನಂಥ ಪದಕ್ಕೆ ಈ ತೊಂದರೆ ಇಲ್ಲ, ಅದರ ಹದಿನೈದು ಅಕ್ಷರಗಳಲ್ಲಿ ಯಾವುದೂ ಮರುಕಳಿಸುವುದಿಲ್ಲ. ಬೆರಳಚ್ಚು ಗೆರೆಗಳ ಅಧ್ಯಯನಕ್ಕೆ ಹೇಳುವ ಡರ್ಮಟೊಗ್ಲಿಫಿಕ್ಸ್ ಕೂಡ ಹಾಗೇ, ಅದೂ ಹದಿನೈದು.

ಯಂತ್ರ ಕೊಡುವ ಉತ್ತರ ಅದಕ್ಕೆ ಉಣಿಸಿದ ಪಟ್ಟಿಯಷ್ಟೇ ಒಳ್ಳೆಯದು. ಎಷ್ಟೋ ಯಂತ್ರಗಳಲ್ಲಿ ಮೊದಲೇ ಬಂದಿರುವ ಪದಪಟ್ಟಿ 1934ರ ವೆಬ್‌ಸ್ಟರ್ ನಿಘಂಟಿನಿಂದ ತೆಗೆದದ್ದು, ಸುಮಾರು 2.3 ಲಕ್ಷ ಪದ. ಅದು ಮುಖ್ಯಪದಗಳ ಪಟ್ಟಿ, ಎಸ್, ಇಡಿ ಹಚ್ಚಿದ ರೂಪಗಳು ಬಹುಪಾಲು ಇಲ್ಲ. ಅಂದರೆ ಬಾಲ ಕತ್ತರಿಸಿದ ಪಟ್ಟಿ! ಪ್ರಾಣಿಕುಲಗಳ ಹೆಸರನ್ನೂ ಬಿಡದ ಪಟ್ಟಿಯಾದರೆ ಎಜುಕೇಷನ್‌ನ ಅದಲುಬದಲಾಗಿ ನಾಕ್ಟುಯಿಡೀ ಎಂಬ ಪತಂಗಗಳ ಕುಟುಂಬ ಹಾರಿ ಬರುತ್ತದೆ. ಸ್ಕ್ರಾಬಲ್ ಪಟ್ಟಿಗಳಲ್ಲಿ ರೂಪಗಳೆಲ್ಲ ಇವೆ, ಆದರೆ ಹದಿನೈದು ಅಕ್ಷರಕ್ಕೆ ನಿಲ್ಲುತ್ತವೆ, ಏಕೆಂದರೆ ಮಣೆಯೇ ಹದಿನೈದು ಚೌಕದ್ದು. ಅನ್‌ಸೊಫಿಸ್ಟಿಕೇಟೆಡ್‌ಗೆ ಅಲ್ಲಿ ಸರಿಯಾಗಿ ಜಾಗ ಇದೆ, ಡಿನ್ಯೂಕ್ಲಿಯರೈಸೇಷನ್‌ಗೆ ಇಲ್ಲ.

ಅತಿ ಉದ್ದದ ಪದ ಯಾವುದು ಎಂದು ಯಾರಾದರೂ ಕೇಳೇ ಕೇಳುತ್ತೀರಿ. 45 ಅಕ್ಷರದ ಆ ಶ್ವಾಸಕೋಶದ ಕಾಯಿಲೆಯ ಹೆಸರನ್ನು 1935ರಲ್ಲಿ ಅಮೆರಿಕದ ಒಗಟುಗಾರರ ಸಂಘದ ಅಧ್ಯಕ್ಷರೇ ಉದ್ದವಾಗಿರಲಿ ಎಂದು ಹೊಸೆದದ್ದು. ವೈದ್ಯರು ಅದನ್ನು ಸಿಲಿಕೋಸಿಸ್ ಎನ್ನುತ್ತಾರೆ. ಉದ್ದಕ್ಕಾಗಿಯೇ ಹೊಸೆದ ಪದವನ್ನು ಹುಡುಕುವುದರಲ್ಲಿ ನನಗೆ ರುಚಿ ಇಲ್ಲ.

ರುಚಿ ಇರುವುದು ನಮ್ಮ ಊರುಗಳಲ್ಲಿ. 2014ರ ನವೆಂಬರ್ 1ರಂದು ನಮ್ಮ ಹನ್ನೆರಡು ಊರುಗಳ ಇಂಗ್ಲಿಷ್ ಸ್ಪೆಲಿಂಗ್ ಬದಲಾಯಿತಲ್ಲ, ಅಕ್ಷರ ಬೇಟೆಗಾರರಿಗೆ ಅದು ಹಬ್ಬ. ಹಳೆಯ ಬ್ಯಾಂಗಲೋರ್ ತೆಗೆದುಕೊಳ್ಳಿ, ಎನ್ ಮತ್ತು ಜಿ ಇದ್ದದ್ದು ನೋಡಿ ಇಂಗ್ ಬಾಲ ಹಿಡಿಯಿರಿ, ಐ ಒಂದನ್ನು ಸಾಲ ತರಬೇಕು. ಉಳಿದದ್ದು ಬಿ, ಎ, ಎ, ಎಲ್, ಓ, ಆರ್, ಇ. ಇನ್ನೊಂದು ಟಿ ತಂದರೆ ಎಲಾಬರೇಟಿಂಗ್. ಈಗ ಬೆಂಗಳೂರು, ಯು ಎರಡು. ನೀವೇ ಮಾಡಿ. ಬಾಲ ಯಾವುದು? ಹೌದು, ಎ, ಬಿ, ಎಲ್, ಇ ನಾಲ್ಕೂ ಇವೆ, ಏಬಲ್. ತಲೆ? ಯು, ಎನ್, ಅನ್. ನಡುವೆ ಉಳಿದದ್ದು ಜಿ, ಯು, ಆರ್. ಒಂದು ಎ ಸೇರಿಸಿದರೆ ಆರ್ಗ್ಯು. ಅನ್‌ಆರ್ಗ್ಯುಯಬಲ್, ವಾದಕ್ಕೆ ಎಡೆಯೇ ಇಲ್ಲದ್ದು. ವಾದ ಇಲ್ಲದ ಬೆಂಗಳೂರನ್ನು ನಾನಂತೂ ಕಂಡಿಲ್ಲ.

ಮಿಕ್ಕವನ್ನು ಬೇಗ ಹೇಳಿ ಮುಗಿಸುತ್ತೇನೆ. ಹುಬ್ಳಿ ಪಬ್ಲಿಷ್‌ನಲ್ಲಿತ್ತು. ಹುಬ್ಬಳ್ಳಿ ಎಂದಾದ ಮೇಲೆ ಬಿ, ಎಲ್ ಎರಡೆರಡಾದವು, ಪಬ್ಲಿಷಬಲ್‌ಗೆ ಬೆಳೆಯಿತು. ಮೈಸೋರ್ ಥರ್ಮೊಡೈನಮಿಕ್ಸ್‌ನಲ್ಲಿತ್ತು, ಮೈಸೂರು ಹ್ಯೂಮರಸ್‌ಲಿ ಒಳಗಿದೆ. ಬಳ್ಳಾರಿಯ ಹಳೆಯ ಸ್ಪೆಲಿಂಗ್ ಡೆಲಿಬರೇಟ್‌ಲಿ, ಹೊಸದು ಕೊಲಾಬರೇಷನ್. ಮ್ಯಾಂಗಲೋರ್‌ಗೆ ಅಗ್ಲಾಮರೇಷನ್, ಜನಗಣತಿಯವರು ಊರು ಮತ್ತದರ ಸುತ್ತಲ ಬೆಳವಣಿಗೆಯನ್ನು ಒಟ್ಟು ಸೇರಿಸಿ ಹೇಳುವಾಗ ಬಳಸುವ ಪದ. ಮಂಗಳೂರು ಆದ ಮೇಲೆ ಕಷ್ಟವಾಯಿತು. ಎ ಎರಡು, ಯು ಎರಡು. ವೈದ್ಯಕೀಯದ ಗ್ರ್ಯಾನ್ಯುಲೋಮೇಟಸ್ ಕೈ ಹಿಡಿಯಿತು. ರಾಯಚೂರು ಹಾರ್ಟಿಕಲ್ಚರಲ್‌ನಲ್ಲಿದೆ, ತೋಟಗಾರಿಕೆ ವಿಶ್ವವಿದ್ಯಾಲಯ ಮಾತ್ರ ಬಾಗಲಕೋಟೆಯಲ್ಲಿದೆ.

ಕರ್ನಾಟಕ? ಯಾರೋ ಕೇಳಿದಿರಿ. ನಾಲ್ಕು ಎ, ಎರಡು ಕೆ, ಜೊತೆಗೆ ಆರ್, ಎನ್, ಟಿ ಇರುವ ಪದ ದಿನಬಳಕೆಯ ಇಂಗ್ಲಿಷಿನಲ್ಲಿಲ್ಲ. ಎಷ್ಟು ಸಲ ಎಂಬ ಷರತ್ತು ಬಿಟ್ಟು, ಆ ಐದು ಅಕ್ಷರ ಇದ್ದರೆ ಸಾಕು ಎಂದರೆ ಕಿಂಡರ್‌ಗಾರ್ಟನ್‌ಗೆ ಸೇರಿಸಬಹುದು.

ಕನ್ನಡದಲ್ಲೂ ಹೀಗೆ ಹುಡುಕಬಹುದೇ ಎಂಬ ಚೀಟಿ ಬಂದಿದೆ. ಹುಡುಕಬಹುದು, ಆದರೆ ಇಂಗ್ಲಿಷಿನ ಪ್ರೋಗ್ರಾಂ ಹಾಗೇ ಓಡಿಸಿದರೆ ಎಡವಟ್ಟಾಗುತ್ತದೆ. ‘ಶಿಕ್ಷಣ’ ನಮ್ಮ ಕಣ್ಣಿಗೆ ಮೂರು ಅಕ್ಷರ, ಪತ್ರಿಕೆಯ ಪದಬಂಧದಲ್ಲೂ ಮೂರೇ ಮನೆ. ಕಂಪ್ಯೂಟರ್ ಲಿಪಿಗಳನ್ನು ಸಂಕೇತಗಳಾಗಿ ಇಟ್ಟುಕೊಳ್ಳುವ ಯೂನಿಕೋಡಿನಲ್ಲಿ ಅದು ಆರು ಸಂಕೇತ. ಗುಡಿಸು ಒಂದು ಬೇರೆ, ಒತ್ತಿನ ಕೊಂಡಿ ಒಂದು ಬೇರೆ. ಹಣೆಬರಹ ಬರೆಯಲು ಹೋದರೆ ಗುಡಿಸು ಅನಾಥವಾಗಿ ಎಲ್ಲೋ ಬೀಳುತ್ತದೆ. ಮೊದಲು ಸಂಕೇತಗಳನ್ನು ಅಕ್ಷರಗಳಾಗಿ ಕಟ್ಟಿಕೊಳ್ಳಬೇಕು. ಆಮೇಲೆ ಬಾಲದ ಪ್ರಶ್ನೆ. ನಿಘಂಟಿನಲ್ಲಿ ‘ಹೋಗು’ ಮಾತ್ರ ಇರುತ್ತದೆ, ‘ಹೋಗಬೇಕಾಗಿದ್ದಿದ್ದರೆ’ ಇರುವುದಿಲ್ಲ. ನಮ್ಮ ಬಾಲಗಳು ಒಂದರ ಹಿಂದೊಂದು ಸೇರುತ್ತಲೇ ಹೋಗುತ್ತವೆ, ಅದಕ್ಕೆ ಪಟ್ಟಿ ಸಾಲದು, ಸಂಧಿ, ವಿಭಕ್ತಿ, ಕ್ರಿಯಾರೂಪ ಬಲ್ಲ ಪ್ರೋಗ್ರಾಂ ಬೇಕು.

ಹಿಂದಿನ ಸಾಲಿನಲ್ಲಿ ಶಿವಮೊಗ್ಗದವರು ಕೈ ಎತ್ತಿದ್ದಾರೆ. ನಿಮ್ಮ ಊರಿನದನ್ನು ಮನೆಗೆಲಸಕ್ಕೆ ಇಟ್ಟಿದ್ದೇನೆ. ಹಳೆಯ ಶಿಮೊಗಾ ಸ್ಪೆಲಿಂಗ್‌ನ ಏಳು ಅಕ್ಷರ, ಜೊತೆಗೆ ಟಿ ಒಂದು, ಆರ್ ಒಂದು. ಒಂಬತ್ತು ಅಕ್ಷರದ ಪದ, ಸಂಖ್ಯಾಶಾಸ್ತ್ರದ ತರಗತಿಯಲ್ಲಿ ನೀವು ಗ್ರಾಫ್ ಹಾಳೆಯ ಮೇಲೆ ಬಿಡಿಸಿದ್ದೀರಿ. ಇದಕ್ಕೆ ಇಂಗ್, ಏಷನ್ ಯಾವುದೂ ಹೊಂದುವುದಿಲ್ಲ, ಬಾಲ ಬೇರೆ ಇದೆ.